‘ಬತ್ತೀನಿ’: ವೀಸಾ ಅರ್ಜಿಯ ಸಾಲುಗಳಿಗೆ ಒಂದು ವ್ಯಾಖ್ಯಾನ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬತ್ತೀನಿ’ ಅನ್ನುತ್ತಾರೆ. ಸಂತೇಮರಹಳ್ಳಿಗೆ ಹೊರಟವರೂ ಹಾಗೆಯೇ, ಮಾದಪ್ಪನ ಬೆಟ್ಟಕ್ಕೆ ಹೊರಟವರೂ ಹಾಗೆಯೇ. ಬಾಯಿ ತಪ್ಪಿ ‘ಹೋಗ್ತೀನಿ’ ಅಂದರೆ ಬಾಗಿಲಲ್ಲಿ ನಿಂತ ಅವ್ವ ಅಲ್ಲೇ ತಿದ್ದುತ್ತಾಳೆ. ಈಗ ಚಾಮರಾಜನಗರ ಜಿಲ್ಲೆಯ ನಮ್ಮ ಕುದೇರಿನ ಸುತ್ತಮುತ್ತಲ ಮನೆಗಳಿಂದಲೂ ಮಕ್ಕಳು ಅಮೆರಿಕಕ್ಕೆ ಕೆಲಸಕ್ಕೆ ಹೋಗಿದ್ದಾರೆ. ಹೆರಿಗೆಗೋ ಗೃಹಪ್ರವೇಶಕ್ಕೋ ಸುಮ್ಮನೆ ನಾಲ್ಕು ದಿನ ಜೊತೆಗಿರಲೆಂದೋ ಅಪ್ಪ-ಅವ್ವನನ್ನು ಕರೆಯುತ್ತಾರೆ. ಆ ಕರೆಗೆ ಓಗೊಡಬೇಕಾದರೆ ಮೊದಲು ದಾಟಬೇಕಾದ ಹೊಳೆ ಬಿ-1/ಬಿ-2 ಎಂಬ ಭೇಟಿ ವೀಸಾ. ಅದರ ಅರ್ಜಿಯ ಹೆಸರು ಡಿಎಸ್-160. ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿ ತುಂಬಬೇಕು.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನೆರೆಹೊರೆಯವರ ಅರ್ಜಿಗಳನ್ನು ಅವರ ಪಕ್ಕದಲ್ಲಿ ಕೂತು ಓದಿ ಹೇಳುವುದು ನನಗೆ ರೂಢಿಯಾಗಿದೆ. ಹಿಂದೆ ಚಾವಡಿಯಲ್ಲಿ ಜೈಮಿನಿ ಭಾರತ ಓದಿಸುವಾಗ ಒಬ್ಬರು ಪದ್ಯ ಹಾಡಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು. ಈ ಅರ್ಜಿಗೂ ಅಂಥ ಅರ್ಥಗಾರಿಕೆ ಬೇಕು ಎಂದು ನನಗೆ ಖಂಡಿತವಾಗಿ ಅನ್ನಿಸಿದೆ. ಸಾಲುಗಳ ಭಾವವನ್ನು ಕನ್ನಡದಲ್ಲಿ ಕೊಟ್ಟು ಒಂದೊಂದಕ್ಕೂ ನನಗೆ ತಿಳಿದದ್ದನ್ನು ಬರೆಯುತ್ತೇನೆ.

“ಬರುವವರನ್ನು ವಲಸೆ ಬರುವವರೆಂದೇ ಎಣಿಸತಕ್ಕದ್ದು, ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು.”

ಈ ಸಾಲು ಅರ್ಜಿಯಲ್ಲಿ ಕಾಣುವುದಿಲ್ಲ. ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಎಂಬ ಕಲಮಿನ ಭಾವಾರ್ಥ ಇದು. ಆದರೆ ಅರ್ಜಿಯ ಪ್ರತಿ ಸಾಲಿನ ಕೆಳಗೂ ಇದೇ ಹರಿಯುತ್ತಿದೆ, ಅದಕ್ಕೇ ಮೊದಲು ಇಟ್ಟೆ. ನಮ್ಮ ನ್ಯಾಯಾಲಯದಲ್ಲಿ ತಪ್ಪು ಸಾಬೀತಾಗುವ ತನಕ ಮನುಷ್ಯ ನಿರಪರಾಧಿ. ಇಲ್ಲಿ ಲೆಕ್ಕ ತಿರುವುಮುರುವು: ನೀವು ಅಲ್ಲೇ ಉಳಿದುಬಿಡುತ್ತೀರಿ ಎಂದು ಕಾನೂನು ಮೊದಲೇ ಎಣಿಸಿಕೊಂಡಿರುತ್ತದೆ. ಹಿಂದಿರುಗುತ್ತೀರಿ ಎಂಬುದನ್ನು ಸಂದರ್ಶನದ ಕಿಟಕಿಯಾಚೆ ನಿಂತ ಅಧಿಕಾರಿಗೆ ನೀವೇ ಮನಗಾಣಿಸಬೇಕು. ಅಂದರೆ ‘ಬತ್ತೀನಿ’ ಎಂಬ ನಮ್ಮ ಮಾತನ್ನೇ ಅವರು ಕೇಳುತ್ತಿದ್ದಾರೆ, ಸಾಕ್ಷಿ ಸಮೇತ. ನಮ್ಮ ಜನರಲ್ಲಿ ಆ ಸಾಕ್ಷಿ ಬೇಕಾದಷ್ಟಿದೆ: ಹೊಲ, ಹಸು, ಮನೆದೇವರು, ಮನೆಯಲ್ಲಿ ಉಳಿದ ಇನ್ನೊಬ್ಬ ಮಗ. ಅದನ್ನು ಎಲ್ಲಿ, ಯಾವ ಸಾಲಿನಲ್ಲಿ ಹೇಳಬೇಕು ಎಂಬುದು ಗೊತ್ತಿಲ್ಲ, ಅಷ್ಟೆ. ಗೊತ್ತಿಲ್ಲದವರ ಕೈಯಿಂದ ಅರ್ಜಿ ಕಿತ್ತುಕೊಂಡು ಏಜೆಂಟರು ಸುಳ್ಳು ತುಂಬುತ್ತಾರೆ. ನನ್ನ ಸಂಕಟ ಅದು.

“ಕುಲನಾಮ; ಕೊಟ್ಟ ಹೆಸರು.”

ಎರಡು ಪೆಟ್ಟಿಗೆಗಳು. ಮನೆತನಕ್ಕೊಂದು, ಮನುಷ್ಯನಿಗೊಂದು ಹೆಸರಿರುವ ದೇಶದವರು ಮಾಡಿದ ಸಾಲು ಇದು. ನಮ್ಮಲ್ಲಿ ಇರುವುದು ಊರು, ಅಪ್ಪ, ತಾನು. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರನ್ನೇ ನೋಡಿ: ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಅವರು. ಇದರಲ್ಲಿ ಕುಲನಾಮ ಯಾವುದು? ಯಾವುದೂ ಅಲ್ಲ.

ಹಾಗಾಗಿ ಇಲ್ಲಿ ಯೋಚನೆಗೆ ಅವಕಾಶ ಕೊಡಬೇಡಿ. ಪಾಸ್‌ಪೋರ್ಟಿನ ಯಾವ ಪೆಟ್ಟಿಗೆಯಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಇಳಿಸಿ. ಪಾಸ್‌ಪೋರ್ಟಿನಲ್ಲಿ ಬರೀ ‘ಮಹದೇವಮ್ಮ’ ಎಂದು ಒಂದೇ ಹೆಸರಿದ್ದರೆ ಅದನ್ನು ಕುಲನಾಮದ ಪೆಟ್ಟಿಗೆಗೆ ಹಾಕಿ, ಇನ್ನೊಂದರಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಬರೆಯಬೇಕು. ‘ಮೊದಲ ಹೆಸರು ತಿಳಿದಿಲ್ಲ’ ಎಂದು ಅದರ ಅರ್ಥ. ಎಪ್ಪತ್ತು ವರ್ಷ ಊರೆಲ್ಲ ಕೂಗಿ ಕರೆದ ಹೆಸರನ್ನು ‘ತಿಳಿದಿಲ್ಲ’ ಎಂದು ಬರೆಯುವುದು ನನಗೆ ಇಂದಿಗೂ ನೋವಿನ ಕೆಲಸ. ಇದನ್ನು ತಪ್ಪಿಸಲು ಒಂದೇ ದಾರಿ: ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ತಂದೆಯ ಅಥವಾ ಗಂಡನ ಹೆಸರನ್ನು ಬಿಡಿಸಿ ಬರೆದು ಎರಡೂ ಪೆಟ್ಟಿಗೆ ತುಂಬುವುದು. ಆಧಾರ್ ಕಾರ್ಡಿನಲ್ಲಿ ಒಂದು ಕಾಗುಣಿತ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಸಾಮಾನ್ಯ. ಅವುಗಳನ್ನು ಮೊದಲು ಒಂದು ಮಾಡಿಸಿಕೊಳ್ಳಿ.

“ಪೂರ್ಣ ಹೆಸರು, ನಿಮ್ಮ ಭಾಷೆಯ ಲಿಪಿಯಲ್ಲಿ.”

ಇಡೀ ಅರ್ಜಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಬರೆಯಲು ಬಿಡುವ ಸಾಲು ಇದೊಂದೇ. ಪಕ್ಕದಲ್ಲಿ ‘ಅನ್ವಯಿಸುವುದಿಲ್ಲ’ ಎಂಬ ಸಣ್ಣ ಚೌಕ ಇರುವುದರಿಂದ ಬಹಳ ಜನ ಅದನ್ನು ಒತ್ತಿ ಮುಂದೆ ಹೋಗುತ್ತಾರೆ. ಹೋಗಬೇಡಿ. ಕನ್ನಡದಲ್ಲಿ ಬರೆಯಿರಿ. ಇದರಿಂದ ವೀಸಾ ಬೇಗ ಸಿಗುತ್ತದೆ ಎಂದೇನೂ ಇಲ್ಲ. ಮೇಲಿನ ಸಾಲಿನಲ್ಲಿ ಮುರಿದುಹೋದ ಹೆಸರು ಇಲ್ಲಿ ಪೂರ್ತಿಯಾಗಿ, ಒತ್ತಕ್ಷರ ದೀರ್ಘ ಸಮೇತ ನಿಲ್ಲುತ್ತದೆ. ಕೀಲಿ ಒತ್ತಲು ಬಾರದ ಒಬ್ಬ ಅಜ್ಜಿಗೆ ನಾನು ಪರದೆಯ ಮೇಲೆ ಅವರ ಹೆಸರು ತೋರಿಸಿದಾಗ ಅವರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಅರ್ಜಿಯಲ್ಲಿ ಅವರು ತಾವಾಗಿಯೇ ಓದಿದ್ದು ಅಷ್ಟು ಮಾತ್ರ.

“ಬೇರೆ ಹೆಸರುಗಳನ್ನು ಬಳಸಿದ್ದುಂಟೇ? ನಿಮ್ಮ ಹೆಸರಿಗೆ ಟೆಲಿಕೋಡ್ ಇದೆಯೇ?”

ಮದುವೆಯಾದಾಗ ಹೆಸರು ಬದಲಿಸಿದ್ದರೆ, ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿದ್ದರೆ ಹೌದು ಎಂದು ಬರೆಯಿರಿ. ಮನೆಯಲ್ಲಿ ‘ಪುಟ್ಟಿ’ ಎಂದು ಕರೆಯುವುದು ಲೆಕ್ಕಕ್ಕಿಲ್ಲ. ಟೆಲಿಕೋಡ್ ಎಂದರೆ ಚೀನೀ ಲಿಪಿಯಂಥ ಅಕ್ಷರಗಳನ್ನು ತಂತಿಯಲ್ಲಿ ಕಳಿಸಲು ಮಾಡಿದ ನಾಲ್ಕಂಕಿಯ ಸಂಖ್ಯೆ. ನಮಗಿಲ್ಲ.

“ಹುಟ್ಟಿದ ದಿನಾಂಕ.”

ಪಾಸ್‌ಪೋರ್ಟಿನಲ್ಲಿರುವುದೇ ಸರಿ. ನಮ್ಮ ಹಳ್ಳಿಗಳಲ್ಲಿ ಅರವತ್ತು ದಾಟಿದವರಲ್ಲಿ ಎಷ್ಟೋ ಜನ ಜೂನ್ ತಿಂಗಳಲ್ಲಿ ಹುಟ್ಟಿದವರು, ಅದರಲ್ಲೂ 1ನೇ ತಾರೀಕು. ಕಾರಣ ಸರಳ. ಶಾಲೆ ಶುರುವಾಗುವ ದಿನ ಹುಡುಗನನ್ನು ಕೈಹಿಡಿದು ಕರೆತಂದ ಅಪ್ಪನಿಗೆ ತಾರೀಕು ಗೊತ್ತಿರುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ಹೆಡ್‌ಮೇಷ್ಟ್ರು ಒಂದು ವರ್ಷ ಲೆಕ್ಕ ಹಾಕಿ ಬರೆದುಬಿಡುತ್ತಿದ್ದರು. ನನ್ನ ದಾಖಲೆಯ ಹುಟ್ಟುದಿನವೂ ಜೂನ್ 1. ಗಂಡ ಹೆಂಡತಿ ಇಬ್ಬರದೂ ಒಂದೇ ತಾರೀಕು ಇದ್ದರೆ ಹೆದರಬೇಡಿ; ಕೇಳಿದರೆ ಈ ಕಾರಣವನ್ನೇ ಹೇಳಿ. ‘ನಿಜವಾದ’ ತಾರೀಕನ್ನು ಜಾತಕದಿಂದ ಹುಡುಕಿ ಅರ್ಜಿಯಲ್ಲಿ ಹಾಕಿದರೆ ಪಾಸ್‌ಪೋರ್ಟಿಗೂ ಅರ್ಜಿಗೂ ತಾಳೆಯಾಗದೆ ತೊಂದರೆಯಾಗುತ್ತದೆ.

“ಹುಟ್ಟಿದ ಊರು, ರಾಜ್ಯ, ದೇಶ.”

ಕುದೇರು ಅಲ್ಲಾಡಿಲ್ಲ, ಅದರ ಮೇಲಿನ ಹೆಸರುಗಳು ಬದಲಾಗಿವೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಇದೆಲ್ಲ ಮೈಸೂರು ಜಿಲ್ಲೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಹುಟ್ಟಿದವರು ಮೈಸೂರು ರಾಜ್ಯದವರು. ಕೊಳ್ಳೇಗಾಲದ ಕಡೆಯಿಂದ ಈ ಕಡೆಗೆ ಸೊಸೆಯಾಗಿ ಬಂದ, 1956ಕ್ಕೆ ಮೊದಲು ಹುಟ್ಟಿದ ಅಜ್ಜಿಯರ ಕತೆ ಇನ್ನೂ ಬೇರೆ: ಆಗ ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇಂದಿಗೂ ಗಡಿಯಾಚೆ ತಮಿಳುನಾಡಿನಲ್ಲೇ ಇದೆ. ಚರಿತ್ರೆ ಇಷ್ಟಿದ್ದರೂ ಈ ಪೆಟ್ಟಿಗೆಗೆ ಬೇಕಾದದ್ದು ಪಾಸ್‌ಪೋರ್ಟಿನಲ್ಲಿ ಅಚ್ಚಾದ ಊರು ಮತ್ತು ರಾಜ್ಯ ಮಾತ್ರ.

“ಪ್ರಯಾಣದ ಉದ್ದೇಶ. ಎಷ್ಟು ದಿನ ಇರುವಿರಿ?”

ನಮ್ಮ ತಾಯಂದಿರು ಹೋಗುವುದು ಬಹುಪಾಲು ಬಾಣಂತನಕ್ಕೆ. ಇದನ್ನು ಹೇಳಬಾರದು, ‘ನಯಾಗರ ನೋಡಲು’ ಎಂದು ಬರೆಸಿ ಎಂದು ಹೇಳಿಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ವೀಸಾದಲ್ಲಿ ಹೋಗಿ ಸಂಬಳಕ್ಕೆ ದುಡಿಯುವಂತಿಲ್ಲ, ಅದು ನಿಜ. ಹೆತ್ತ ಮಗಳ ಹೆರಿಗೆಯ ಹೊತ್ತಿನಲ್ಲಿ ಜೊತೆಗಿರಲು ಹೋಗುವ ತಾಯಿ ಯಾರ ಸಂಬಳವನ್ನೂ ಕೇಳುತ್ತಿಲ್ಲ. ‘ಮಗಳ ಮನೆಗೆ, ಹೆರಿಗೆ ಇದೆ’ ಎಂದರೆ ಮುಗಿಯಿತು. ನಯಾಗರ ಎಂದು ಬರೆಸಿಕೊಂಡ ಒಬ್ಬರನ್ನು ಕಿಟಕಿಯಲ್ಲಿ ‘ಅದು ಎಲ್ಲಿದೆ’ ಎಂದು ಕೇಳಿದಾಗ ಅವರಿಗೆ ಬಾಯಿ ಬರಲಿಲ್ಲ. ಮಗಳ ಬಗ್ಗೆ ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದರು.

ದಿನಗಳ ಲೆಕ್ಕವನ್ನು ಹೊಲ ನೋಡಿ ಹಾಕಿ. ಮುಂಗಾರು ಶುರುವಿನಲ್ಲಿ ಅರಿಸಿನ ನೆಟ್ಟರೆ ಕೀಳುವುದು ಎಂಟೊಂಬತ್ತು ತಿಂಗಳಿಗೆ, ಸಂಕ್ರಾಂತಿಯ ಆಚೆಗೆ. ಕಿತ್ತು ಬೇಯಿಸಿ ಒಣಗಿಸುವ ಕಾಲಕ್ಕೆ ಮನೆಯ ಯಜಮಾನ ಇಲ್ಲಿರಲೇಬೇಕು. ‘ಆಗಸ್ಟ್‌ನಲ್ಲಿ ಹೋಗಿ ನವೆಂಬರ್ ಕೊನೆಗೆ ಬರುತ್ತೇನೆ, ಜನವರಿಯಲ್ಲಿ ಅರಿಸಿನದ ಕೆಲಸ ಇದೆ’ ಎನ್ನುವ ರೈತನ ಮಾತಿನಲ್ಲಿ ಆ 214(ಬಿ) ಕೇಳುವ ಉತ್ತರ ಪೂರ್ತಿ ಅಡಗಿದೆ. ಆರು ತಿಂಗಳು ಬಿಡುತ್ತಾರಂತೆ, ಆರು ತಿಂಗಳೂ ಇದ್ದು ಬರೋಣ ಎಂದು ಸುಮ್ಮನೆ ಬರೆಸಬೇಡಿ. ಆರು ತಿಂಗಳು ಹಸುವನ್ನು ಯಾರಿಗೆ ಒಪ್ಪಿಸುತ್ತೀರಿ ಎಂದು ಅಧಿಕಾರಿ ಕೇಳದಿದ್ದರೂ ನಿಮ್ಮ ಮನೆಯವರು ಕೇಳುತ್ತಾರೆ.

“ಖರ್ಚು ಯಾರದು?”

ಮಗನದಾದರೆ ಮಗನದೆಂದೇ ಬರೆಯಿರಿ, ಅದರಲ್ಲಿ ಕೀಳೇನಿಲ್ಲ. ಅಲ್ಲಿ ಆಸ್ಪತ್ರೆಯ ಖರ್ಚು ನಮ್ಮ ಎಣಿಕೆಗೆ ಮೀರಿದ್ದು. ಅರ್ಜಿ ಕೇಳದಿದ್ದರೂ ಪ್ರವಾಸದ ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ. ಬಿಪಿ, ಶುಗರ್ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಸಾಲುವಂತೆ, ವೈದ್ಯರ ಚೀಟಿಯ ಸಮೇತ ಒಯ್ಯಿರಿ.

“ಹಿಂದೆ ವೀಸಾ ನಿರಾಕರಣೆಯಾಗಿದೆಯೇ? ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ?”

ಆಗಿದ್ದರೆ ಆಗಿದೆ ಎಂದು ಬರೆಯಿರಿ. ಅವರ ಕಂಪ್ಯೂಟರಿನಲ್ಲಿ ಅದು ಇದ್ದೇ ಇರುತ್ತದೆ. ಅಮೆರಿಕದ ಪೌರತ್ವ ಪಡೆದ ಮಗ ತಂದೆತಾಯಿಗೆ ಗ್ರೀನ್ ಕಾರ್ಡಿಗೆಂದು ಅರ್ಜಿ ಹಾಕಿದ್ದು ಎಷ್ಟೋ ಸಲ ತಂದೆತಾಯಿಗೇ ತಿಳಿದಿರುವುದಿಲ್ಲ. ಫೋನು ಮಾಡಿ ಕೇಳಿಕೊಂಡೇ ಈ ಸಾಲು ತುಂಬಿ.

“ಕಳೆದ ಐದು ವರ್ಷದ ಸಾಮಾಜಿಕ ಜಾಲತಾಣದ ಖಾತೆಗಳು.”

2019ರಿಂದ ಸೇರಿದ ಸಾಲು. ಮೊಮ್ಮಗ ನಿಮ್ಮ ಹೆಸರಿನಲ್ಲಿ ಫೇಸ್‌ಬುಕ್ ತೆರೆದುಕೊಟ್ಟಿದ್ದರೆ ಅದೂ ನಿಮ್ಮದೇ.

“ಪಾಸ್‌ಪೋರ್ಟ್ ವಿವರ.”

ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂಬ ಮುದ್ರೆ ಇರಬಹುದು. ಅದನ್ನು ಕಂಡು ‘ನಿಮಗೆ ಅಮೆರಿಕಕ್ಕೆ ಬಿಡುವುದಿಲ್ಲ’ ಎಂದು ಹೆದರಿಸಿ ಹಣ ಕೇಳಿದವರನ್ನು ನಾನು ಬಲ್ಲೆ. ಅದು ನಮ್ಮ ದೇಶದ 1983ರ ವಲಸೆ ಕಾಯ್ದೆಯ ಮುದ್ರೆ. ಕೊಲ್ಲಿ ದೇಶಗಳೂ ಸೇರಿ ಪಟ್ಟಿಯಲ್ಲಿರುವ 18 ದೇಶಗಳಿಗೆ ದುಡಿಯಲು ಹೋಗುವವರನ್ನು ಮೋಸದಿಂದ ಕಾಪಾಡಲು ಮಾಡಿದ್ದು. ಮಗಳ ಮನೆಗೆ ಹೋಗುವವರಿಗೆ ಅದರ ಗೊಡವೆ ಇಲ್ಲ. ಪಾಸ್‌ಪೋರ್ಟೇ ಇಲ್ಲದವರಿಗೆ ಮೈಸೂರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೊಡುವ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದು 2017ರ ಜನವರಿ 25ರಂದು, ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ.

“ತಂದೆಯ ಹುಟ್ಟಿದ ದಿನಾಂಕ, ತಾಯಿಯ ಹುಟ್ಟಿದ ದಿನಾಂಕ.”

‘ನಮ್ಮಪ್ಪ ಹುಟ್ಟಿದ್ ತಾರೀಕು ನಮ್ಮಪ್ಪನ್ಗೇ ಗೊತ್ತಿರ್ನಿಲ್ಲ ಕನಾ ಮೇಷ್ಟ್ರೆ’ ಎಂದರು ಒಬ್ಬರು. ಪಕ್ಕದಲ್ಲೇ ‘ಗೊತ್ತಿಲ್ಲ’ ಎಂಬ ಚೌಕವಿದೆ. ಅದನ್ನು ಒತ್ತುವುದು ತಪ್ಪಲ್ಲ, ಸುಳ್ಳು ತಾರೀಕು ಹೊಸೆಯುವುದು ತಪ್ಪು.

“ಈಗಿನ ಉದ್ಯೋಗ.”

ಇಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅಕ್ಷರಕ್ರಮದಲ್ಲಿರುವುದರಿಂದ ಮೊಟ್ಟಮೊದಲ ಪದವೇ ಕೃಷಿ. ಹಾಗಿದ್ದೂ ನಮ್ಮ ರೈತರು ಅದನ್ನು ಒತ್ತಲು ಹಿಂಜರಿಯುತ್ತಾರೆ. ‘ವ್ಯವಸಾಯ ಅಂದ್ರ ಕೊಡಕಿಲ್ವಂತೆ, ಬಿಸಿನೆಸ್ ಅನ್ನಿ’ ಎಂದು ಯಾರೋ ಕಿವಿಯಲ್ಲಿ ಊದಿರುತ್ತಾರೆ. ನನಗೆ ಗೊತ್ತಿದ್ದ ಒಬ್ಬ ರೈತನನ್ನು ಏಜೆಂಟನೊಬ್ಬ ವ್ಯಾಪಾರಿ ಮಾಡಿ ಕಳಿಸಿದ. ಯಾವ ವ್ಯಾಪಾರ, ಎಷ್ಟು ಜನ ಕೆಲಸಗಾರರು ಎಂದು ಕಿಟಕಿಯಲ್ಲಿ ಎರಡು ಪ್ರಶ್ನೆ ಬಂದವು, ಎರಡಕ್ಕೂ ಉತ್ತರ ಇರಲಿಲ್ಲ. ಮೂರು ನಿಮಿಷದಲ್ಲಿ ಮುಗಿಯಿತು. ಎರಡು ಎಕರೆ ಬಾಳೆತೋಟ, ನಾಲ್ಕು ಹಸು, ಪಂಪ್‌ಸೆಟ್ ಇದ್ದ ಮನುಷ್ಯ ತನ್ನ ಕೈಯಲ್ಲಿದ್ದ ಗಟ್ಟಿ ಸಾಕ್ಷಿಯನ್ನೆಲ್ಲ ಮನೆಯಲ್ಲಿಟ್ಟು ಇಲ್ಲದ ಅಂಗಡಿಯನ್ನು ಹೊತ್ತುಕೊಂಡು ಹೋಗಿದ್ದ. ಎಂಥ ಅನ್ಯಾಯ!

ಹೆಂಗಸರ ವಿಷಯದಲ್ಲಿ ಇನ್ನೊಂದು ಅನ್ಯಾಯ ನಡೆಯುತ್ತದೆ, ಅದೂ ನಮ್ಮ ಕೈಯಿಂದಲೇ. ‘ನಂದೇನ್ ಕೆಲ್ಸ ಮೇಷ್ಟ್ರೆ, ಮನೇಲಿರದು ಕನಾ’ ಎಂದು ಅವ್ವ ಹೇಳುತ್ತಾಳೆ, ನಾವು ‘ಗೃಹಿಣಿ’ ಎಂದು ಒತ್ತುತ್ತೇವೆ. ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ, ಮೇವು ಕೊಯ್ದು, ಮಧ್ಯಾಹ್ನ ಕಳೆ ಕಿತ್ತು, ಸಂಜೆ ಮತ್ತೆ ಹಾಲು ಕರೆಯುವವಳು ಅವಳು. ಚಾಮರಾಜನಗರ ಹಾಲು ಒಕ್ಕೂಟದ ಡೈರಿ ಇರುವುದು ನಮ್ಮ ಕುದೇರಿನಲ್ಲೇ. ಹಾಲು ಸಂಘದ ಸದಸ್ಯತ್ವ ಅವಳ ಹೆಸರಿನಲ್ಲಿದ್ದರೆ, ಬಟವಾಡೆ ಅವಳ ಖಾತೆಗೆ ಬರುತ್ತಿದ್ದರೆ ಅವಳ ಉದ್ಯೋಗ ಕೃಷಿ. ಹಾಗೆ ಬರೆದರೆ ಅದು ನಿಜ, ಅವಳ ಪರವಾದ ಸಾಕ್ಷಿಯೂ ಹೌದು. ಪಹಣಿಯಲ್ಲಿ ಗಂಡನ ಹೆಸರು ಮಾತ್ರ ಇರುವುದು ಅವಳ ದುಡಿಮೆಯನ್ನು ಅಳಿಸುವುದಿಲ್ಲ. ಮನೆಗೆಲಸವೇ ಅವಳ ಕೆಲಸವಾಗಿದ್ದರೆ ಗೃಹಿಣಿ ಎಂಬುದೂ ಗೌರವದ ಮಾತೇ. ಆದರೆ ಕೇಳಿ, ವಿಚಾರಿಸಿ, ಆಮೇಲೆ ಒತ್ತಿ.

“ತಿಂಗಳ ವರಮಾನ.”

ರೈತನಿಗೆ ತಿಂಗಳ ವರಮಾನ ಎಂಬುದೇ ಇಲ್ಲ. ಬೆಳೆ ಬಂದಾಗ ಬರುತ್ತದೆ, ಬಾರದಾಗ ಇಲ್ಲ. ಒಂದು ವರ್ಷದ ಬಾಳೆ, ಅರಿಸಿನ, ಹಾಲಿನ ಹಣ ಕೂಡಿಸಿ, ಖರ್ಚು ಕಳೆದು, ಹನ್ನೆರಡರಿಂದ ಭಾಗಿಸಿ ಬಂದದ್ದನ್ನು ಬರೆಯಿರಿ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ತೆರಿಗೆ ಕಾಗದ ಇಲ್ಲವೆಂದು ಕುಗ್ಗಬೇಕಾಗಿಲ್ಲ. ಡೈರಿಯ ಬಟವಾಡೆ ಮತ್ತು ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನ ಖಾತೆಗೆ ಜಮಾ ಆದ ಸಾಲುಗಳು ಪಾಸ್‌ಬುಕ್ಕಿನಲ್ಲಿ ವರ್ಷಗಟ್ಟಲೆ ಒಂದರ ಕೆಳಗೊಂದು ಇರುತ್ತವೆ. ಅದಕ್ಕಿಂತ ಒಳ್ಳೆಯ ಲೆಕ್ಕಪತ್ರ ನಾನು ಕಂಡಿಲ್ಲ. ಸಂದರ್ಶನಕ್ಕೆ ಹತ್ತು ದಿನ ಇರುವಾಗ ಯಾರದೋ ಐದು ಲಕ್ಷ ತಂದು ಖಾತೆಗೆ ಹಾಕಿ ತೋರಿಸುವ ಏಜೆಂಟರ ಉಪಾಯ ಬೇಡ. ಎಲ್ಲಿಂದ ಬಂತು ಎಂದು ಒಂದು ಪ್ರಶ್ನೆ ಬಂದರೆ ಉಳಿದ ನಿಜವೂ ಅದರೊಡನೆ ಮುಳುಗುತ್ತದೆ. ಪಹಣಿ, ಸಂಘದ ಸದಸ್ಯತ್ವದ ಕಾಗದ, ಪಾಸ್‌ಬುಕ್ಕು ಕೈಚೀಲದಲ್ಲಿರಲಿ. ಅಧಿಕಾರಿ ನೋಡಲೇಬೇಕೆಂದಿಲ್ಲ, ಬಹಳ ಸಲ ನೋಡುವುದೂ ಇಲ್ಲ.

“ನೀವು ಯಾವುದಾದರೂ ಕುಲ ಅಥವಾ ಬುಡಕಟ್ಟಿಗೆ ಸೇರಿದವರೇ?”

ಈ ಸಾಲು ಬಂದಾಗ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಜಾತಿ ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಜಾತಿಯನ್ನಾಗಲಿ ಗೋತ್ರವನ್ನಾಗಲಿ ಇಲ್ಲಿ ತುಂಬಬೇಕಾಗಿಲ್ಲ, ಬಹುಪಾಲು ಜನರ ಉತ್ತರ ‘ಇಲ್ಲ’. ಆದರೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿಯೂ ‘ಹೌದು’ ಎನ್ನಬೇಕಾದವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬುಡಕಟ್ಟಿನವರು. ಅವರಲ್ಲಿ ಕುಲಗಳಿವೆ, ಒಂದೇ ಕುಲದೊಳಗೆ ಮದುವೆ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಕಾಡಿನಲ್ಲೇ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದವರು. ಅಂಥ ಮನೆಯ ಮಗಳೋ ಮಗನೋ ಅರ್ಜಿ ತುಂಬುವಾಗ ‘ಸೋಲಿಗ’ ಎಂದು ತಲೆಯೆತ್ತಿ ಬರೆಯಲಿ.

“ಮಾತಾಡುವ ಭಾಷೆಗಳು.”

ಕನ್ನಡ. ತಮಿಳು ಬಂದರೆ ತಮಿಳು. ಬಾರದ ಇಂಗ್ಲಿಷನ್ನು ಸೇರಿಸಬೇಡಿ.

“ಸಂಘ ಸಂಸ್ಥೆಗಳಲ್ಲಿ ಸದಸ್ಯರಾಗಿದ್ದೀರಾ? ದೇಣಿಗೆ ಕೊಟ್ಟಿದ್ದೀರಾ?”

ಹಾಲು ಉತ್ಪಾದಕರ ಸಹಕಾರ ಸಂಘ, ಸ್ತ್ರೀಶಕ್ತಿ ಸಂಘ, ಜಾತ್ರೆಯ ದಾಸೋಹಕ್ಕೆ ಮಠಕ್ಕೆ ಕೊಟ್ಟ ಅಕ್ಕಿ ಬೇಳೆ. ಇವೆಲ್ಲ ಇಲ್ಲಿ ಹೇಳಬಹುದಾದ ಸಂಗತಿಗಳೇ. ನಮ್ಮವರು ಇದನ್ನು ದೊಡ್ಡದೆಂದು ಎಣಿಸದೆ ‘ಏನೂ ಇಲ್ಲ’ ಎಂದುಬಿಡುತ್ತಾರೆ. ಊರಿನಲ್ಲಿ ಬೇರು ಬಿಟ್ಟವರ ಗುರುತು ಇದೇ ತಾನೆ.

“ಬಂದೂಕು, ಸ್ಫೋಟಕ ಮೊದಲಾದವುಗಳ ಬಳಕೆಯಲ್ಲಿ ವಿಶೇಷ ತರಬೇತಿ ಇದೆಯೇ?”

ನಗುತ್ತಾ ‘ಇಲ್ಲ’ ಒತ್ತುವ ಮೊದಲು ತಡೆಯಿರಿ. ಚಾಮರಾಜನಗರ ಕರಿಕಲ್ಲಿಗೆ ಹೆಸರಾದ ಸೀಮೆ. ಕ್ವಾರಿಯಲ್ಲಿ ಸಿಡಿಮದ್ದು ತುಂಬುವ ಕೆಲಸ ಕಲಿತು ಮಾಡಿದವರು ನಮ್ಮ ನಡುವೆ ಇದ್ದಾರೆ. ಕಾಡುಹಂದಿ ಕಾಟಕ್ಕೆ ಬೆಳೆ ಕಾಯಲೆಂದು ಲೈಸೆನ್ಸ್ ಬಂದೂಕು ಇಟ್ಟವರೂ ಇದ್ದಾರೆ. ಕ್ವಾರಿಯಲ್ಲಿ ತರಬೇತಿ ಪಡೆದಿದ್ದರೆ ‘ಹೌದು’ ಎಂದು ಒತ್ತಿ, ಕೆಳಗಿನ ಪೆಟ್ಟಿಗೆಯಲ್ಲಿ ಕಲ್ಲುಗಣಿಯ ಕೆಲಸ ಎಂದು ಎರಡು ವಾಕ್ಯ ಬರೆಯಿರಿ.

“ಯಾವುದಾದರೂ ಅಪರಾಧಕ್ಕಾಗಿ ಎಂದಾದರೂ ಬಂಧನವಾಗಿದೆಯೇ?”

ಭದ್ರತೆಯ ಪ್ರಶ್ನೆಗಳು ಪುಟಗಟ್ಟಲೆ ಇವೆ. ಭಯೋತ್ಪಾದನೆ, ನರಮೇಧ, ಮಾದಕ ವಸ್ತು ಎಂದೆಲ್ಲ ಓದಿ ಹೇಳುವಾಗ ಅಜ್ಜಿಯರು ಗಾಬರಿಯಾಗುತ್ತಾರೆ. ‘ಎಲ್ಲರಿಗೂ ಇದನ್ನೇ ಕೇಳ್ತಾರೆ ಅವ್ವ’ ಎಂದು ಮೊದಲೇ ಹೇಳಿ. ಅಂಟುರೋಗದ ಪ್ರಶ್ನೆಯೂ ಇವುಗಳಲ್ಲಿದೆ; ಕ್ಷಯ ಬಂದು ಪೂರ್ತಿ ವಾಸಿಯಾದವರು ಚಿಕಿತ್ಸೆ ಮುಗಿಸಿದ ಕಾಗದವನ್ನು ಜೊತೆಗಿಟ್ಟುಕೊಳ್ಳಲಿ.

ಬಂಧನದ ಸಾಲು ಮಾತ್ರ ನಮ್ಮ ಕಡೆ ಕಷ್ಟದ್ದು. ಇದು ರೈತ ಚಳವಳಿಯ ನೆಲ. ಹಸಿರು ಶಾಲು ಹೊದ್ದು ರಸ್ತೆ ತಡೆಗೆ ಕೂತವರನ್ನು, ಕಾವೇರಿ ಗಲಾಟೆಯಲ್ಲಿ ಮೆರವಣಿಗೆ ಹೋದವರನ್ನು ಪೊಲೀಸರು ವ್ಯಾನಿಗೆ ತುಂಬಿ ಸಂಜೆ ಬಿಟ್ಟಿರುತ್ತಾರೆ. ಅದು ಬಂಧನವೇ? ಬರೆದರೆ ವೀಸಾ ತಪ್ಪುತ್ತದೆಯೇ? ಎಫ್‌ಐಆರ್ ಆಗಿತ್ತೇ, ಕೇಸು ನಡೆಯಿತೇ, ಖುಲಾಸೆಯಾಯಿತೇ ಎಂಬುದನ್ನು ಠಾಣೆಯಲ್ಲೋ ವಕೀಲರಲ್ಲೋ ಮೊದಲು ತಿಳಿದುಕೊಳ್ಳಿ. ಬಂಧಿಸಿದ್ದು ನಿಜವಾದರೆ ‘ಹೌದು’ ಎಂದೇ ಬರೆದು, ಯಾವ ಚಳವಳಿ, ಯಾವ ವರ್ಷ, ಏನಾಯಿತು ಎಂದು ವಿವರಿಸಿ. ಮುಚ್ಚಿಟ್ಟದ್ದು ಹೊರಬಿದ್ದರೆ ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದಿರಿ ಎಂದಾಗುತ್ತದೆ, ಆಗ ಅದೇ ಕಾಯ್ದೆಯ ಇನ್ನೊಂದು ಕಲಮು ಬದುಕಿರುವ ತನಕ ಅಡ್ಡ ನಿಲ್ಲುತ್ತದೆ. ನಮ್ಮ ರೈತರಿಗೆ ವಿದೇಶ ಹೊಸದೂ ಅಲ್ಲ. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಸದಸ್ಯರೂ ಸೇರಿದಂತೆ ನೂರಾರು ರೈತರು ಯುರೋಪಿನುದ್ದಕ್ಕೂ ಸಂಚರಿಸಿ ಜರ್ಮನಿಯ ಕೊಲೋನ್ ನಗರದವರೆಗೆ ಹೋಗಿ, ಜಾಗತೀಕರಣದ ಬಗ್ಗೆ ತಮ್ಮ ಮಾತು ಹೇಳಿ ಬಂದರು. ನಂಜುಂಡಸ್ವಾಮಿ ಅವರು ಕಟ್ಟಿದ ಅಮೃತಭೂಮಿ ಎಂಬ ರೈತರ ಕಲಿಕಾ ಕೇಂದ್ರ ನಮ್ಮ ತಾಲ್ಲೂಕಿನ ಹೊಂಡರಬಾಳಿನಲ್ಲೇ ಇದೆ.

“ಭಾವಚಿತ್ರ.”

ಎರಡಂಗುಲ ಚೌಕ, ಬಿಳಿ ಹಿನ್ನೆಲೆ. 2016ರ ನವೆಂಬರ್‌ನಿಂದ ಕನ್ನಡಕ ಹಾಕುವಂತಿಲ್ಲ. ಕುಂಕುಮ, ವಿಭೂತಿ ಅಳಿಸಿಕೊಂಡು ಬನ್ನಿ ಎಂದು ಸ್ಟುಡಿಯೋದವರು ಹೇಳಿದರೆ ಕೇಳಬೇಡಿ. ಅವು ಮುಖವನ್ನು ಮುಚ್ಚುವುದಿಲ್ಲ.

“ಅರ್ಜಿ ತುಂಬಲು ಯಾರಾದರೂ ನೆರವಾದರೇ? ಸಹಿ ಮಾಡಿ ಸಲ್ಲಿಸಿ.”

ನೆರವಾಗಿದ್ದರೆ ನೆರವಾದವರ ಹೆಸರು ಬರೆಯಲೇಬೇಕು. ನಾನು ಕೂತ ಅರ್ಜಿಗಳಲ್ಲೆಲ್ಲ ನನ್ನ ಹೆಸರಿದೆ. ತಮ್ಮ ಹೆಸರು ಹಾಕಲು ಒಪ್ಪದ ಏಜೆಂಟರ ಕೈಗೆ ಅರ್ಜಿ ಕೊಡಬೇಡಿ. ನನ್ನ ಹತ್ತಿರ ಬಂದವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದು. ‘ಸಲ್ಲಿಸಿ’ ಎಂಬ ಗುಂಡಿಯನ್ನು ಮಾತ್ರ ಅರ್ಜಿದಾರರೇ ಒತ್ತಬೇಕೆಂಬುದು ನಿಯಮ. ಹೆಬ್ಬೆಟ್ಟಿನವರಾದರೂ ಸರಿ, ಇಡೀ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿ, ಅವರ ಬೆರಳಿನಿಂದಲೇ ಒತ್ತಿಸುತ್ತೇನೆ. ಕೈಬಿಟ್ಟು 20 ನಿಮಿಷ ಕೂತರೆ ಅರ್ಜಿ ಮುಚ್ಚಿಕೊಳ್ಳುತ್ತದೆ, ಅರ್ಜಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

“ಶುಲ್ಕ; ಬೆರಳಚ್ಚು; ಸಂದರ್ಶನ.”

2023ರ ಜೂನ್‌ನಿಂದ ಅರ್ಜಿ ಶುಲ್ಕ ಒಬ್ಬರಿಗೆ 185 ಡಾಲರ್, ಅಂದರೆ ಹದಿನೈದು ಸಾವಿರ ರೂಪಾಯಿಗೂ ಮೇಲೆ. ವೀಸಾ ಸಿಗದಿದ್ದರೂ ವಾಪಸು ಬರುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆಗ ಅದರಲ್ಲಿ ವೀಸಾ ಸೇವೆ ಇರಲಿಲ್ಲ. ಹಾಗಾಗಿ ನಮ್ಮವರ ದಾರಿ ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈನ ಕಾನ್ಸುಲೇಟಿಗೆ. ಎಂಬತ್ತು ದಾಟಿದವರಿಗೆ ಸಂದರ್ಶನದ ವಿನಾಯಿತಿ ಇತ್ತು, 2025ರ ಸೆಪ್ಟೆಂಬರ್ 2ರಿಂದ ಅದೂ ಹೋಯಿತು. ಆ ವಯಸ್ಸಿನವರನ್ನು ರಾತ್ರಿಯೆಲ್ಲ ರೈಲಿನಲ್ಲಿ ಕೂರಿಸಿ ಮೂರು ನಿಮಿಷದ ಮಾತಿಗೆ ಕರೆದೊಯ್ಯುವುದು ನನಗೆ ಬಹಳ ದುಃಖ ಕೊಡುತ್ತದೆ.

ಮೊದಲು ಹತ್ತೂ ಬೆರಳಿನ ಅಚ್ಚು. ಹಾಲು ಕರೆದು, ಕಳೆ ಕಿತ್ತು ಬೆರಳಗೆರೆ ಸವೆದವರಿಗೆ ಯಂತ್ರ ಕಾಟ ಕೊಡುತ್ತದೆ. ಪಡಿತರ ಅಂಗಡಿಯಲ್ಲಿ ಅದರ ಅನುಭವ ಎಲ್ಲರಿಗೂ ಇದೆ. ಒಂದು ವಾರ ಮೊದಲಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಅಚ್ಚು ಕೊಡುವ ದಿನ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋಗಿ. ಸಂದರ್ಶನದಲ್ಲಿ ಭಾಷೆ ಯಾವುದೆಂದು ಕೇಳಿದರೆ ಕನ್ನಡ ಎನ್ನಿ. ಕೇಳಿದಷ್ಟಕ್ಕೆ ಉತ್ತರ ಕೊಡಿ, ಕಾಗದ ಕೇಳಿದರೆ ಮಾತ್ರ ತೆಗೆಯಿರಿ. ಸಿಗದಿದ್ದರೆ 214(ಬಿ) ಎಂಬ ಚೀಟಿ ಕೊಡುತ್ತಾರೆ. ಅದಕ್ಕೆ ಮೇಲ್ಮನವಿ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು.

“ಇಂಥ ದಿನದವರೆಗೆ ಪ್ರವೇಶ.”

ಇದು ಕೊನೆಯ ಸಾಲು. ಇದನ್ನು ಬರೆಯುವವರು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲಿ ಹತ್ತು ವರ್ಷದಾಚೆಯ ತಾರೀಕು ಇರುವುದುಂಟು. ಹತ್ತು ವರ್ಷ ಅಲ್ಲಿರಬಹುದು ಎಂದು ಅದರ ಅರ್ಥವಲ್ಲ, ಅಷ್ಟರೊಳಗೆ ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟಬಹುದು ಎಂದಷ್ಟೆ. ಒಂದು ಸಲಕ್ಕೆ ಎಷ್ಟು ದಿನ ಎಂಬುದು ಐ-94 ಎಂಬ ದಾಖಲೆಯಲ್ಲಿದೆ, ಸಾಮಾನ್ಯವಾಗಿ ಆರು ತಿಂಗಳು. ಮೊದಲು ಅದು ಕಾಗದದ ಚೀಟಿಯಾಗಿತ್ತು. 2013ರಿಂದ ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕು. ಮಗಳ ಮನೆ ಸೇರಿದ ದಿನವೇ ಅಳಿಯನ ಕೈಯಲ್ಲಿ ಆ ತಾರೀಕು ತೆಗೆಸಿ ನೋಡಿ, ಇಲ್ಲಿಗೆ ಫೋನು ಮಾಡಿ ಹೇಳಿ. ಇಲ್ಲಿ ಉಳಿದವರು ಗೋಡೆಯ ಕ್ಯಾಲೆಂಡರಿನಲ್ಲಿ ಅದನ್ನೂ, ಅದಕ್ಕಿಂತ ಮುಂಚಿನ ನಿಮ್ಮ ಟಿಕೆಟ್ಟಿನ ತಾರೀಕನ್ನೂ ಗುರುತು ಹಾಕಿಕೊಳ್ಳಲಿ. ಗಬ್ಬದ ಹಸು ಕರು ಹಾಕುವ ತಿಂಗಳನ್ನೂ ಪಕ್ಕದಲ್ಲೇ ಬರೆಯಲಿ.